ಬಿಚ್ಚಿದ ಮೇಲೆ ಎಲ್ಲಿಗೆ? ಉಡುಗೊರೆಯ ಹೊದಿಕೆಯ ಸುತ್ತ ಕೆಲವು ತಪ್ಪು ಕಲ್ಪನೆ

ಚೌತಿಗೆ ಶುರುವಾದ ಹಬ್ಬದ ಸಾಲು ನಮ್ಮ ಕರಾವಳಿಯಲ್ಲಿ ಬೇಗ ಮುಗಿಯುವುದಿಲ್ಲ. ದೀಪಾವಳಿ, ಕ್ರಿಸ್‌ಮಸ್, ಸಂಕ್ರಾಂತಿ ಒಂದರ ಹಿಂದೊಂದು ಬರುತ್ತವೆ. ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತ ರಂಜಾನ್ ಮತ್ತು ಬಕ್ರೀದ್ ಯಾವುದಾದರೂ ಋತುವಿನಲ್ಲಿ ಬಂದು ಕೂಡಿಕೊಳ್ಳುತ್ತವೆ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಪೇಟೆಗಳ ಫ್ಯಾನ್ಸಿ ಅಂಗಡಿಗಳಲ್ಲಿ ಆಗ ಗಿಫ್ಟ್ ಪೇಪರಿನ ಸುರುಳಿಗಳು ಬಾಗಿಲಿಗೇ ಬಂದು ನಿಲ್ಲುತ್ತವೆ. ಒಂದು ಹಾಳೆ ಕತ್ತರಿಸಿ, ನಾಲ್ಕು ಕಡೆ ಟೇಪು ಹಚ್ಚಿ, ಮೇಲೊಂದು ಹೂವು ಅಂಟಿಸಿದರೆ ಕೆಲಸ ಮುಗಿಯಿತು. ಪಡೆದವರಿಗೆ ಅದನ್ನು ಹರಿಯಲು ಅಷ್ಟು ಹೊತ್ತೂ ಬೇಡ.

ಈಚೆಗೆ ‘ಪರಿಸರಸ್ನೇಹಿ’ ಹೊದಿಕೆಯ ಮಾತೂ ಜೋರಾಗಿದೆ. ಅದರ ಜೊತೆಗೆ ಒಂದಷ್ಟು ಅರ್ಧ ತಿಳಿವಳಿಕೆಯೂ ಬಂದಿದೆ. ಹೊದಿಕೆಯನ್ನು ನೋಡಿದಾಗ ನಾನು ಕೇಳುವುದು ಒಂದೇ ಪ್ರಶ್ನೆ: ಬಿಚ್ಚಿದ ಮೇಲೆ ಇದು ಎಲ್ಲಿಗೆ ಹೋಗುತ್ತದೆ? ಯಾವುದರಿಂದ ಮಾಡಿದ್ದು, ಮೇಲೆ ಏನು ಬರೆದಿದೆ, ಯಾವ ಬಣ್ಣದ್ದು ಎಂಬುದೆಲ್ಲ ಆಮೇಲಿನ ಮಾತು.

“ಗಿಫ್ಟ್ ಪೇಪರ್ ಅಂದರೆ ಕಾಗದ ತಾನೆ, ಮಣ್ಣಿಗೆ ಬಿದ್ದರೆ ಕರಗುತ್ತದೆ”

ಬಹುಪಾಲು ಕರಗುವುದಿಲ್ಲ. ಫಳಫಳ ಹೊಳೆಯುವ ಬಂಗಾರ, ಬೆಳ್ಳಿ, ಕೆಂಪು ಬಣ್ಣದ ಹಾಳೆ ಕಾಗದವೇ ಅಲ್ಲ. ತೆಳು ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಹಾಳೆಯ ಮೇಲೆ ಅಲ್ಯೂಮಿನಿಯಂ ಆವಿಯನ್ನು ಕೂರಿಸಿ ಅದನ್ನು ತಯಾರಿಸುತ್ತಾರೆ. ಆ ಲೋಹದ ಪದರ ತಲೆಗೂದಲಿನ ಸಾವಿರದೊಂದು ಪಾಲಿಗಿಂತಲೂ ತೆಳು. ಹಾಗಾಗಿ ಅದನ್ನು ಪ್ಲಾಸ್ಟಿಕ್ಕಿನಿಂದ ಬೇರ್ಪಡಿಸಿ ಲೋಹವಾಗಿ ಬಳಸುವಂತಿಲ್ಲ, ಲೋಹ ಹತ್ತಿದ್ದರಿಂದ ಒಳ್ಳೆಯ ಪ್ಲಾಸ್ಟಿಕ್ಕಾಗಿ ಮಾರುವಂತೆಯೂ ಇಲ್ಲ.

ಪರೀಕ್ಷೆಗೆ ಉಪಕರಣ ಬೇಡ. ಒಂದು ತುಂಡನ್ನು ಮುಷ್ಟಿಯಲ್ಲಿ ಬಿಗಿಯಾಗಿ ಮುದುಡಿ ಬಿಡಿ. ಉಂಡೆಯಾಗಿಯೇ ಕೂತರೆ ಕಾಗದ. ಚಟಚಟ ಸದ್ದು ಮಾಡುತ್ತ ಮತ್ತೆ ಅರಳಿಕೊಂಡರೆ ಪ್ಲಾಸ್ಟಿಕ್. ಇದರಲ್ಲೂ ಒಂದು ಮೋಸವುಂಟು. ಕಾಗದದ ಮೇಲೆ ಪ್ಲಾಸ್ಟಿಕ್ ಲೇಪಿಸಿದ ನುಣುಪಿನ ಹಾಳೆ ಮುದುಡಿದರೆ ಉಂಡೆಯಾಗಿಯೇ ನಿಲ್ಲಬಹುದು. ಅದನ್ನು ಮೂಲೆಯಿಂದ ನಿಧಾನಕ್ಕೆ ಹರಿದು ನೋಡಬೇಕು. ಹರಿದ ಅಂಚಿನಲ್ಲಿ ನಾರಿನ ಜೊತೆಗೆ ಪಾರದರ್ಶಕವಾದ ಒಂದು ಪೊರೆ ಎಳೆದುಕೊಂಡು ಬಂದರೆ ಅದು ಎರಡೂ ಅಲ್ಲದ ಬೆರಕೆ.

ನಮ್ಮ ಊರುಗಳಲ್ಲಿ ಇನ್ನೂ ಸುಲಭದ ಪರೀಕ್ಷೆ ಎಂದರೆ ಗುಜರಿಯವನು. ರದ್ದಿ ಪೇಪರು, ರಟ್ಟಿನ ಪೆಟ್ಟಿಗೆ ಎಂದರೆ ತೂಗಿ ದುಡ್ಡು ಕೊಡುತ್ತಾನೆ. ಗಿಫ್ಟ್ ಪೇಪರಿನ ಗಂಟು ತೋರಿಸಿದರೆ ತಲೆಯಾಡಿಸಿ ಮುಂದೆ ಹೋಗುತ್ತಾನೆ. ಅವನು ಕೊಳ್ಳದ್ದಕ್ಕೆ ಮುಂದೆ ದಾರಿಯಿಲ್ಲ ಎಂದೇ ತಿಳಿಯಬೇಕು. ಸಾದಾ ಕಾಗದವಾದರೂ ಅದರ ಮೇಲೆ ಟೇಪು, ಅಂಟು, ಮಿನುಗು ಪುಡಿ ಸೇರಿದ್ದರೆ ಕಾಗದದ ಗಿರಣಿಗೆ ತಲೆನೋವೇ. ಸಾದಾ ಕಂದು ಕಾಗದ, ಟೇಪಿಲ್ಲದೆ ದಾರ ಕಟ್ಟಿದ್ದು, ರದ್ದಿಯ ಜೊತೆ ನಿಶ್ಚಿಂತೆಯಿಂದ ಹೋಗುತ್ತದೆ. ಕಾಗದದ ನಾರು ಐದರಿಂದ ಏಳು ಸಲ ಮರುಬಳಕೆಯಾಗಬಲ್ಲದು, ಆಮೇಲೆ ತೀರ ಗಿಡ್ಡವಾಗಿಬಿಡುತ್ತದೆ.

“ಹಣ್ಣಿನ ಬುಟ್ಟಿಗೆ ಸುತ್ತುವುದು ಜಿಲೆಟಿನ್ ಪೇಪರು, ಅದು ಪ್ಲಾಸ್ಟಿಕ್ ಅಲ್ಲ”

ಒಂದು ಕಾಲಕ್ಕೆ ಈ ಮಾತಿನಲ್ಲಿ ಸ್ವಲ್ಪ ಹುರುಳಿತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಸ್ವಿಸ್ ರಸಾಯನಶಾಸ್ತ್ರಜ್ಞ ಜಾಕ್ ಬ್ರಾಂಡನ್‌ಬರ್ಗರ್ ಕಂಡುಹಿಡಿದ ಸೆಲೋಫೇನ್ ಮರದ ತಿರುಳಿನ ಸೆಲ್ಯುಲೋಸಿನಿಂದ ಆದದ್ದು. ಇವತ್ತು ಹಣ್ಣಿನ ಬುಟ್ಟಿಯ ಮೇಲೆ ಗರಗರ ಎನ್ನುವ ಪಾರದರ್ಶಕ ಹಾಳೆ ಸಾಮಾನ್ಯವಾಗಿ ಪಾಲಿಪ್ರೊಪಿಲೀನು. ನಾವು ಸೆಲೋಟೇಪ್ ಎನ್ನುವ ಅಂಟುಪಟ್ಟಿಯದೂ ಹೆಚ್ಚಾಗಿ ಅದೇ ಕತೆ.

ಕಾನೂನಿನ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧವಾದ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಸಿಹಿತಿಂಡಿ ಪೆಟ್ಟಿಗೆ ಮತ್ತು ಆಮಂತ್ರಣ ಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ ಪೊರೆಯೂ ಇದೆ, ಅಲಂಕಾರದ ಥರ್ಮಾಕೋಲೂ ಇದೆ. ಕರ್ನಾಟಕವಂತೂ 2016ರ ಮಾರ್ಚಿನಲ್ಲೇ ಕೈಚೀಲ, ತಟ್ಟೆ, ಲೋಟಗಳ ಜೊತೆ ಥರ್ಮಾಕೋಲಿನ ಸಾಮಾನನ್ನೂ ನಿಷೇಧಿಸಿತ್ತು. ದೀಪಾವಳಿಗೆ ಬರುವ ಸ್ವೀಟ್ ಬಾಕ್ಸಿನ ಮೇಲಿನ ಆ ತೆಳು ಪೊರೆಯನ್ನು ಉಗುರಿನಿಂದ ಕೆರೆದು ಬಿಚ್ಚುವಾಗ ನಿಷೇಧಿತ ವಸ್ತುವನ್ನು ಕೈಯಲ್ಲಿ ಹಿಡಿದಿದ್ದೇವೆ ಎಂದು ಎಷ್ಟು ಜನಕ್ಕೆ ಗೊತ್ತು? ಅಂಗಡಿಯಲ್ಲಿ “ಮೇಲಿನ ಕವರ್ ಬೇಡ” ಎಂದು ಹೇಳಲು ಯಾರೂ ಸಂಕೋಚಪಡಬೇಕಿಲ್ಲ.

“ಮದುವೆ ಮನೆಯ ಬಟ್ಟೆಚೀಲ ಬಟ್ಟೆಯದೇ”

ತಾಂಬೂಲದ ಜೊತೆ ಕೈಗೆ ಬರುವ, ದೇವರ ಚಿತ್ರವನ್ನೋ ವಧೂವರರ ಹೆಸರನ್ನೋ ಮುದ್ರಿಸಿದ ಬಣ್ಣದ ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಅಡ್ಡ ನೂಲು, ಉದ್ದ ನೂಲು ಕಾಣುವುದಿಲ್ಲ. ಬದಲಿಗೆ ಚುಕ್ಕಿಚುಕ್ಕಿಯಾಗಿ ಒತ್ತಿದ ಗುರುತು ಕಾಣುತ್ತದೆ. ಅದು ನೇಯ್ದದ್ದಲ್ಲ, ಪಾಲಿಪ್ರೊಪಿಲೀನ್ ಎಳೆಗಳನ್ನು ಹರಡಿ ಬಿಸಿಯಲ್ಲಿ ಒತ್ತಿ ಅಂಟಿಸಿದ್ದು. ಸರ್ಕಾರದ ನಿಯಮವೂ ಅದನ್ನು ಪ್ಲಾಸ್ಟಿಕ್ ಕೈಚೀಲ ಎಂದೇ ಎಣಿಸುತ್ತದೆ, ಒಂದು ಚದರ ಮೀಟರಿಗೆ 60 ಗ್ರಾಂಗಿಂತ ಕಡಿಮೆ ತೂಕದ್ದನ್ನು ಮಾಡುವಂತಿಲ್ಲ ಎನ್ನುತ್ತದೆ. ಬಿಸಿಲಿನಲ್ಲಿ ಕೆಲವು ತಿಂಗಳು ಬಿದ್ದಿದ್ದರೆ ಅದು ಹಿಟ್ಟು ಹಿಟ್ಟಾಗಿ ಉದುರುತ್ತದೆ. ಕರಗಿತು ಎಂದುಕೊಳ್ಳುವ ಹಾಗಿಲ್ಲ, ಪುಡಿಯಾಯಿತು ಅಷ್ಟೇ. ದೊಡ್ಡ ಚೂರನ್ನಾದರೂ ಹೆಕ್ಕಬಹುದಿತ್ತು.

“ಬಟ್ಟೆಯಲ್ಲಿ ಸುತ್ತುವುದು ಜಪಾನಿನಿಂದ ಬಂದ ಹೊಸ ಫ್ಯಾಷನ್ನು”

ಜಪಾನಿನವರು ಚೌಕ ಬಟ್ಟೆಯಲ್ಲಿ ವಸ್ತು ಸುತ್ತಿ ಗಂಟು ಹಾಕುವ ಫುರೋಶಿಕಿ ಈಗ ಲೋಕಪ್ರಸಿದ್ಧ. 2006ರಲ್ಲಿ ಅಲ್ಲಿನ ಪರಿಸರ ಸಚಿವೆಯಾಗಿದ್ದ ಯುರಿಕೊ ಕೊಯಿಕೆ ಪ್ಲಾಸ್ಟಿಕ್ ಚೀಲಕ್ಕೆ ಬದಲಾಗಿ ಅದನ್ನು ಬಳಸಿ ಎಂದು ತಾವೇ ಮುಂದೆ ನಿಂತು ಪ್ರಚಾರ ಮಾಡಿದರು. ಒಳ್ಳೆಯದೇ. ಆದರೆ ಬುತ್ತಿ ಗಂಟು, ಅಕ್ಕಿ ಗಂಟು, ಸೀರೆ ಗಂಟು ಕಟ್ಟಿದ ಊರಿನವರಿಗೆ ಇದನ್ನು ಮೊಬೈಲಿನ ವಿಡಿಯೋದಲ್ಲಿ ಕಲಿಯುವ ದರ್ದು ಏನಿತ್ತೋ. ಚೌಕದ ನಡುವೆ ವಸ್ತುವಿಟ್ಟು, ಎದುರುಬದುರಿನ ಎರಡು ತುದಿ ಒಳಗೆ ಮಡಚಿ, ಉಳಿದ ಎರಡನ್ನು ಮೇಲೆ ಎರಡು ಗಂಟು ಹಾಕಿದರೆ ಆಯಿತು. ನಮ್ಮ ಅಜ್ಜಂದಿರು ಹೆಗಲ ವಸ್ತ್ರದಲ್ಲಿ ಸಂತೆ ಸಾಮಾನು ತಂದದ್ದು ಹೀಗೆಯೇ.

ಕುಮಟೆಗೆ ಹತ್ತಿಯ ಜೊತೆ ಹಳೆಯ ನಂಟೂ ಇದೆ. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಪೇಟೆಯಲ್ಲಿ ಅದಕ್ಕೆ ಬಿದ್ದ ಹೆಸರು ‘ಕುಮಟಾ ಹತ್ತಿ’. ಇದೇ ಜಿಲ್ಲೆಯ ಘಟ್ಟದ ಮೇಲೆ, ಯಲ್ಲಾಪುರ, ಹಳಿಯಾಳದ ಕಡೆ, ಸಿದ್ದಿ ಹೆಣ್ಣುಮಕ್ಕಳು ಹಳೆ ಸೀರೆಯ ತುಂಡುಗಳಿಂದಲೇ ಹೊಲಿಯುವ ಕೌದಿಗಳು ಈಗ ದೊಡ್ಡ ಊರುಗಳ ಪ್ರದರ್ಶನಗಳಲ್ಲಿ ಗೋಡೆ ಏರಿವೆ. ಹರಿದ ಬಟ್ಟೆಯನ್ನು ಬಿಸಾಡದ ಕಲೆ ಇಲ್ಲಿ ಯಾರಿಗೂ ಹೊಸದಲ್ಲ.

ಇದರ ಬೆನ್ನಿಗೇ ಎದುರು ದಿಕ್ಕಿನ ತಪ್ಪೊಂದು ಬರುತ್ತದೆ: ಬಟ್ಟೆ ಎಂದ ಕೂಡಲೇ ಹಸಿರು ಎಂದುಕೊಂಡು, ಸುತ್ತುವುದಕ್ಕೆಂದೇ ಹೊಸ ಬಟ್ಟೆ ಕೊಳ್ಳುವುದು. ಹತ್ತಿ ಬೆಳೆಯಲು ನೀರು ಬೇಕು, ಗೊಬ್ಬರ ಬೇಕು, ಔಷಧಿ ಬೇಕು, ನೂಲುವ ನೇಯುವ ಯಂತ್ರಕ್ಕೆ ಕರೆಂಟು ಬೇಕು. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಒಮ್ಮೆ ಬಳಸಿ ಎಸೆಯುವ ಸಾಧಾರಣ ಪ್ಲಾಸ್ಟಿಕ್ ಕೈಚೀಲಕ್ಕಿಂತ ಹವಾಮಾನಕ್ಕೆ ಕಡಿಮೆ ಹಾನಿಕರ ಎನಿಸಿಕೊಳ್ಳಬೇಕಾದರೆ ಕಾಗದದ ಚೀಲವನ್ನು 3 ಸಲ, ಹತ್ತಿ ಚೀಲವನ್ನು 131 ಸಲ ಬಳಸಬೇಕು. ಅದು ಕೈಚೀಲದ ಲೆಕ್ಕ, ಹವಾಮಾನದ್ದೊಂದೇ ಲೆಕ್ಕ. ಸಮುದ್ರಕ್ಕೆ ಸೇರುವ ಪ್ಲಾಸ್ಟಿಕ್ಕನ್ನು ಅದು ತೂಗಿಲ್ಲ. ಆದರೂ ಮಾತು ಸ್ಪಷ್ಟ: ಬಟ್ಟೆ ತಿರುಗುತ್ತಲೇ ಇರಬೇಕು, ಕಪಾಟು ಸೇರಿ ಕೂರಬಾರದು.

ತಿರುಗುವ ಬಟ್ಟೆ ಎಂದರೆ ನಮ್ಮಲ್ಲಿ ರವಿಕೆ ಕಣವನ್ನು ಮೀರಿಸುವುದು ಯಾವುದಿದೆ? ಅರಿಶಿನ ಕುಂಕುಮದ ಜೊತೆ ಕೊಟ್ಟ ಕಣ ಹೊಲಿಗೆಯವರ ಬಾಗಿಲು ಕಾಣದೆ ಒಬ್ಬರ ಟ್ರಂಕಿನಿಂದ ಇನ್ನೊಬ್ಬರ ಟ್ರಂಕಿಗೆ ಹೋಗುತ್ತಲೇ ಇರುತ್ತದೆ. ಕೊಟ್ಟವರಿಗೇ ಮರಳಿ ಬಂದದ್ದೂ ಉಂಟು. ಇದನ್ನು ಹೆಂಗಸರು ನಗೆಚಾಟಿಕೆ ಮಾಡುತ್ತಾರೆ. ನನಗಂತೂ ಅದರಲ್ಲಿ ತಮಾಷೆಗಿಂತ ಉಪಾಯವೇ ಹೆಚ್ಚು ಕಾಣುತ್ತದೆ. ಕಣ ಹೆಚ್ಚುಕಡಿಮೆ ಚೌಕವಾಗಿಯೇ ಇರುತ್ತದೆ. ಒಂದು ಪುಸ್ತಕ, ಒಂದು ಸ್ಟೀಲಿನ ಡಬ್ಬಿ, ಒಂದು ಸಣ್ಣ ದೀಪ ಅದರಲ್ಲಿ ಚೆನ್ನಾಗಿ ಕೂರುತ್ತದೆ. ಉಡುಗೊರೆಯನ್ನೇ ಕಣದಲ್ಲಿ ಕಟ್ಟಿ ಕೊಟ್ಟರೆ ಹೊದಿಕೆಯೂ ಉಡುಗೊರೆ, ಅದರ ಮುಂದಿನ ಪ್ರಯಾಣಕ್ಕೂ ದಾರಿ ಮೊದಲೇ ಗೊತ್ತು. ಪಾಲಿಯೆಸ್ಟರಿನ ಕಣವಾದರೂ ಅಡ್ಡಿಯಿಲ್ಲ, ಈಗಾಗಲೇ ಮನೆಯಲ್ಲಿದೆಯಲ್ಲ.

“ನಮ್ಮ ಮಳೆಗೆ ಪ್ಲಾಸ್ಟಿಕ್ ಇಲ್ಲದೆ ಆಗುವುದಿಲ್ಲ”

ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರು ಮೀರಿ ಮಳೆ ಸುರಿಯುತ್ತದೆ. ನಾಗರಪಂಚಮಿ, ಅಷ್ಟಮಿ, ಚೌತಿ ಎಲ್ಲ ಮಳೆಯಲ್ಲೇ. ಕಂದು ಕಾಗದದ ಪೊಟ್ಟಣ ಹಿಡಿದು ಬಸ್ಸಿಳಿದರೆ ಮನೆ ತಲುಪುವಾಗ ಕಾಗದ ಒಂದು ಕಡೆ, ಉಡುಗೊರೆ ಇನ್ನೊಂದು ಕಡೆ.

ಆದರೆ ಪ್ಲಾಸ್ಟಿಕ್ ಬರುವ ಮೊದಲೂ ಇಲ್ಲಿ ಇದೇ ಮಳೆ ಇತ್ತಲ್ಲವೇ? ಭಟ್ಕಳದ ಮಲ್ಲಿಗೆಯವರನ್ನು ನೋಡಿ. ಬಾಳೆಯ ದಿಂಡಿನ ಪಟ್ಟೆಯಿಂದ ಸೀಳಿ ಒಣಗಿಸಿದ ನಾರನ್ನು ನೀರಿನಲ್ಲಿ ಅದ್ದಿಟ್ಟುಕೊಂಡಿರುತ್ತಾರೆ, ಒಣ ನಾರು ಪಟಕ್ಕನೆ ತುಂಡಾಗುತ್ತದೆ. ನೆಂದ ನಾರನ್ನು ಉಗುರಿನಿಂದ ಇನ್ನೂ ಸಣ್ಣಗೆ ಸೀಳಿ, ಎಡಗೈ ಬೆರಳಿಗೆ ಸುತ್ತಿಕೊಂಡು, ಮೊಗ್ಗುಗಳನ್ನು ಜೋಡಿಸಿ ಒಂದು ಸುತ್ತು ಒಂದು ಗಂಟು ಹಾಕುತ್ತ ಹೋಗುತ್ತಾರೆ. ಕಣ್ಣು ಗಿರಾಕಿಯ ಮೇಲೆ, ಬಾಯಲ್ಲಿ ಮಾತು, ಬೆರಳು ಮಾತ್ರ ನಿಲ್ಲುವುದಿಲ್ಲ. ಕಟ್ಟಿದ ದಂಡೆಯನ್ನು ಬಾಳೆ ಎಲೆಯ ತುಂಡಿನಲ್ಲಿಟ್ಟು ಮಡಚಿ, ಅದೇ ನಾರಿನಲ್ಲಿ ಬಿಗಿದರೆ ಪೊಟ್ಟಣ ಸಿದ್ಧ. ಎಲೆಯ ಮೇಣದಂಥ ಹೊರಮೈಗೆ ಮಳೆಹನಿ ಹತ್ತುವುದಿಲ್ಲ, ಒಳಗಿನ ತೇವ ಆರುವುದಿಲ್ಲ. ಮೊಗ್ಗು ಸಂಜೆಗೆ ಅರಳುವ ಹೊತ್ತಿಗೂ ತಾಜಾ ಇರುತ್ತದೆ. ಮಲ್ಲಿಗೆಯಷ್ಟು ನಾಜೂಕಿನ ವಸ್ತುವಿಗೇ ಸಾಕಾದ ಹೊದಿಕೆ ಒಂದು ಬಳೆಪೆಟ್ಟಿಗೆಗೆ ಸಾಲದೇ?

ಮನೆಯಲ್ಲಿ ಮಾಡುವುದಾದರೆ ಎಲೆಯನ್ನು ಬಾಡಿಸುವುದನ್ನು ಮರೆಯಬಾರದು. ಹಸಿ ಎಲೆ ಮಡಚಿದಲ್ಲಿ ಸೀಳುತ್ತದೆ. ನಡುದಿಂಡನ್ನು ಚಾಕುವಿನಿಂದ ಕೆತ್ತಿ ತೆಳುಮಾಡಿ, ಎಲೆಯನ್ನು ಸಣ್ಣ ಉರಿಯ ಮೇಲೆ ಆಚೀಚೆ ಆಡಿಸಿದರೆ ಬಣ್ಣ ಗಾಢವಾಗುತ್ತದೆ, ಬಟ್ಟೆಯಂತೆ ಬಳುಕತೊಡಗುತ್ತದೆ. ಎಲೆಯ ಕಡುಬು ಮಾಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಿತಿಯೂ ಉಂಟು: ಬಾಳೆ ಎಲೆಯ ಆಯುಷ್ಯ ಒಂದು ದಿನ. ಬೆಳಿಗ್ಗೆ ಕಟ್ಟಿ ಸಂಜೆ ಕೊಡುವ ಸಿಹಿತಿಂಡಿಗೆ ಸರಿ, ಬೆಂಗಳೂರಿಗೆ ಕೊರಿಯರ್ ಮಾಡುವುದಕ್ಕಲ್ಲ.

ದೂರದ ಪ್ರಯಾಣಕ್ಕೆ ಅಡಿಕೆ ಹಾಳೆ. ಹೊನ್ನಾವರ, ಕುಮಟಾದ ತೋಟಗಳಲ್ಲಿ ತಾನೇ ಕಳಚಿ ಬೀಳುವ ವಸ್ತು, ಅದಕ್ಕಾಗಿ ಯಾವ ಮರವನ್ನೂ ಕಡಿಯಬೇಕಿಲ್ಲ. ಒಣ ಹಾಳೆ ಹಲಗೆಯಂತೆ ಗಡುಸು. ನೀರಿನಲ್ಲಿ ನೆನೆಸಿದರೆ ಚರ್ಮದಂತೆ ಮಣಿಯುತ್ತದೆ. ಎರಡು ತುದಿ ಮಡಚಿ, ತೆಂಗಿನ ಗರಿಯ ಕಡ್ಡಿ ಚುಚ್ಚಿ, ಮೇಲೆ ಭಾರ ಹೇರಿ ಒಣಗಿಸಿದರೆ ಆ ಆಕಾರದಲ್ಲೇ ನಿಂತುಬಿಡುತ್ತದೆ. ಇದೇ ಹಾಳೆಯಿಂದ ಹಿರಿಯರು ಟೊಪ್ಪಿ ಮಾಡಿ ತಲೆಗೆ ಹಾಕಿಕೊಂಡಿದ್ದಾರೆ, ಕೊಟ್ಟೆ ಕಟ್ಟಿ ನೀರು ಮೊಗೆದಿದ್ದಾರೆ. ಒಂದು ಎಚ್ಚರಿಕೆ ಮಾತ್ರ ಬೇಕು: ಮಳೆಗಾಲದಲ್ಲಿ ಹಸಿಯಾಗಿಟ್ಟ ಹಾಳೆಗೆ ಎರಡೇ ದಿನದಲ್ಲಿ ಬೂಷ್ಟು ಬರುತ್ತದೆ. ಬೇಸಿಗೆಯಲ್ಲೇ ಒಣಗಿಸಿ ಅಟ್ಟದ ಮೇಲೆ ಇಟ್ಟುಕೊಂಡವರಿಗೆ ಚೌತಿಗೆ ಕೈಗೆ ಸಿಗುತ್ತದೆ.

ಒಡೆಯುವ ವಸ್ತುವಾದರೆ ಬಬಲ್ ರ‍್ಯಾಪೇ ಬೇಕು ಎನ್ನುವವರಿದ್ದಾರೆ. ಕರಾವಳಿಯಲ್ಲಿ ಅಕ್ಕಿಯನ್ನು ಮುಡಿ ಕಟ್ಟಿದ್ದು ಬರೇ ಭತ್ತದ ಹುಲ್ಲಿನಿಂದ. ಆಳಿನ ತೋಳಿಗೆ ಸಿಗದಷ್ಟು ದಪ್ಪ ಉಂಡೆ, ಹುಲ್ಲಿನದೇ ಹಗ್ಗದ ಬಿಗಿ, ಒಂದು ಕಾಳು ಹೊರಗೆ ಬೀಳುವಂತಿಲ್ಲ. ಮಾವಿನ ಹಣ್ಣು ಬುಟ್ಟಿಯಲ್ಲಿ ಊರು ದಾಟಿದ್ದೂ ಹುಲ್ಲಿನ ಮೆತ್ತೆಯ ಮೇಲೆ. ಗಾಜಿನ ಬಾಟಲಿಯ ಜೇನಿಗೆ, ಪಿಂಗಾಣಿ ಬಟ್ಟಲಿಗೆ ಒಂದು ಹಿಡಿ ಒಣಹುಲ್ಲು ಧಾರಾಳವಾಯಿತು. ಬಿಚ್ಚಿದ ಮೇಲೆ ಅದು ಕೊಟ್ಟಿಗೆಗೆ ಹೋಗುತ್ತದೆ. ಕೊಟ್ಟಿಗೆ ಇಲ್ಲದವರ ಮನೆಯಲ್ಲಿ ತೆಂಗಿನ ಬುಡಕ್ಕೆ.

“ಹಳೆ ಪೇಪರಿನಲ್ಲಿ ಸುತ್ತಿದರೆ ಎಲ್ಲಕ್ಕಿಂತ ಒಳ್ಳೆಯದು”

ಪುಸ್ತಕ, ಆಟಿಕೆ, ಬಟ್ಟೆಗೆ ಖಂಡಿತ. ತಿನ್ನುವ ವಸ್ತುವಿಗೆ ಬೇಡ. ಪತ್ರಿಕೆಯ ಶಾಯಿಯಲ್ಲಿ ಸೀಸದಂಥ ಲೋಹ ಮತ್ತು ಬೇರೆ ರಾಸಾಯನಿಕಗಳು ಇರಬಲ್ಲವು, ಬಿಸಿ ಮತ್ತು ಎಣ್ಣೆ ತಾಗಿದರೆ ತಿಂಡಿಗೆ ಇಳಿಯುತ್ತವೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳು ಆಹಾರವನ್ನು ಪತ್ರಿಕೆಯಲ್ಲಿ ಸುತ್ತುವುದನ್ನು, ಇಡುವುದನ್ನು ನಿಷೇಧಿಸಿವೆ. 2023ರಲ್ಲಿ ಪ್ರಾಧಿಕಾರ ಮತ್ತೊಮ್ಮೆ ಎಚ್ಚರಿಸಿತು. ಚಕ್ಕುಲಿ, ಕರ್ಜಿಕಾಯಿ, ಹೋಳಿಗೆಗೆ ಬಾಳೆ ಎಲೆಯೋ ಡಬ್ಬಿಯೋ ಇರಲಿ, ಪತ್ರಿಕೆ ಅದರ ಹೊರಗೆ ಬರಲಿ. ಅಂದ ಬೇಕೆನ್ನುವವರಿಗೆ ಹಳೆಯ ಗೋಡೆ ಕ್ಯಾಲೆಂಡರಿನ ಹಿಂಬದಿ ಇದೆ: ದಪ್ಪ, ಬಿಳಿ, ಮಕ್ಕಳಿಗೆ ಚಿತ್ರ ಬಿಡಿಸಲೂ ಜಾಗ.

“ಉಳಿದದ್ದನ್ನು ಬಚ್ಚಲ ಒಲೆಗೆ ಹಾಕಿದರಾಯಿತು”

ಹಬ್ಬದ ಮರುದಿನ ಬೆಳಿಗ್ಗೆ ಹಂಡೆ ಒಲೆಯಲ್ಲಿ ಗಿಫ್ಟ್ ಪೇಪರು ನೀಲಿ ಹಸಿರು ಜ್ವಾಲೆಯಾಗಿ ಉರಿಯುವುದನ್ನು ನೋಡದ ಮನೆ ನಮ್ಮಲ್ಲಿ ಕಡಿಮೆ. ಕಸ ಹೋಯಿತು, ನೀರೂ ಕಾಯಿತು ಎಂಬ ಸಮಾಧಾನ. ಹೋದದ್ದು ಕಣ್ಣೆದುರಿನ ಕಸ ಮಾತ್ರ. ಒಲೆಯ ಉರಿ ಪ್ಲಾಸ್ಟಿಕ್ಕನ್ನು ಪೂರ್ತಿ ಸುಡುವಷ್ಟು ಬಿಸಿಯೂ ಅಲ್ಲ, ಗಾಳಿಯೂ ಅಲ್ಲಿ ಸಾಲದು. ಅರೆಬೆಂದ ಹೊಗೆ ಬಚ್ಚಲಿನಲ್ಲೇ ಸುತ್ತುತ್ತದೆ. ಪಿವಿಸಿ ಬೆರೆತಿದ್ದರೆ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಏಳುತ್ತದೆ, ಡಯಾಕ್ಸಿನಿನಂಥ ದೀರ್ಘಕಾಲ ಉಳಿಯುವ ವಿಷವೂ ಹುಟ್ಟಬಲ್ಲದು. ಸ್ನಾನಕ್ಕೆ ಹೋಗುವ ಮಗುವಿನಿಂದ ಹಿಡಿದು ಒಲೆ ಮುಂದೆ ಕೂತ ಅಜ್ಜಿಯವರೆಗೆ ಎಲ್ಲರ ಮೂಗಿಗೂ ಅದು ಸಿಗುತ್ತದೆ.

ಬೂದಿಯ ಮಾತನ್ನು ಯಾರೂ ಎತ್ತುವುದಿಲ್ಲ. ಕಟ್ಟಿಗೆಯ ಬೂದಿ ತೆಂಗಿಗೆ, ಬಸಳೆಗೆ ಒಳ್ಳೆಯ ಗೊಬ್ಬರವೆಂದು ಹಾಕುತ್ತ ಬಂದ ಕೈ ಪ್ಲಾಸ್ಟಿಕ್ ಬೆಂದ ಬೂದಿಯನ್ನೂ ಅದೇ ಬುಡಕ್ಕೆ ಸುರಿಯುತ್ತದೆ. ಬಸಳೆ ಮತ್ತೆ ಅಡುಗೆಮನೆಗೇ ಬರುತ್ತದೆ. ಬಯಲಿನಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ನಿಷೇಧಿಸಿ, ಸಣ್ಣ ಪ್ರಮಾಣಕ್ಕೆ 5,000, ದೊಡ್ಡ ಪ್ರಮಾಣಕ್ಕೆ 25,000 ರೂಪಾಯಿ ದಂಡ ಹೇಳಿತ್ತು. ಬಚ್ಚಲೊಳಗೆ ಬಂದು ದಂಡ ಹಾಕುವವರಿಲ್ಲ, ನಿಜ.

“ಮಿನುಗಿಲ್ಲದಿದ್ದರೆ ಹಬ್ಬದ ಕಳೆ ಬರುವುದಿಲ್ಲ”

ಮಿನುಗು ಪುಡಿ ಹೆಚ್ಚಾಗಿ ಪಾಲಿಯೆಸ್ಟರ್ ಪೊರೆಗೆ ಅಲ್ಯೂಮಿನಿಯಂ ಹಚ್ಚಿ ಸಣ್ಣಗೆ ಕತ್ತರಿಸಿದ್ದು. ಹುಟ್ಟುವಾಗಲೇ ಸೂಕ್ಷ್ಮ ಪ್ಲಾಸ್ಟಿಕ್. ಯುರೋಪಿನ ಒಕ್ಕೂಟ 2023ರ ಅಕ್ಟೋಬರಿನಿಂದ ಸಡಿಲ ಪ್ಲಾಸ್ಟಿಕ್ ಮಿನುಗಿನ ಮಾರಾಟವನ್ನು ನಿರ್ಬಂಧಿಸಿತು. ನಮ್ಮಲ್ಲಿ ಅದು ನೆಲ ಒರೆಸಿದ ನೀರಿನ ಜೊತೆ ಚರಂಡಿಗೆ, ಮೊದಲ ಮಳೆಗೆ ಹೊಳೆಗೆ, ಅಲ್ಲಿಂದ ಅಳಿವೆಗೆ. ಹೊನ್ನಾವರದಲ್ಲಿ ಶರಾವತಿಯಾದರೆ ಕುಮಟೆಯಲ್ಲಿ ಅಘನಾಶಿನಿ. ಅಘನಾಶಿನಿಯ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್‌ಸಾರ್ ಮಾನ್ಯತೆ ಬಂತು. ಅಲ್ಲಿನ ಬಳಚು ನೀರನ್ನು ಸೋಸಿ ಬದುಕುವ ಜೀವಿ, ನೀರಿನಲ್ಲಿ ಏನು ತೇಲಿದರೂ ಅದರ ಹೊಟ್ಟೆಗೆ. ಬಳಚು ತಿನ್ನುವವರು ಅದನ್ನು ಹೊಟ್ಟೆ ಬಿಚ್ಚಿ ತೊಳೆದು ತಿನ್ನುವುದಿಲ್ಲ, ಇಡಿಯಾಗಿಯೇ ತಿನ್ನುತ್ತಾರೆ. ಹೊನ್ನಾವರದ ಕಾಸರಕೋಡು ಕಡಲತೀರ 2020ರ ಅಕ್ಟೋಬರಿನಲ್ಲಿ ಸ್ವಚ್ಛ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ದೇಶದ ಮೊದಲ ಎಂಟು ತೀರಗಳಲ್ಲೊಂದು. ಅದೇ ಕರಾವಳಿಯ ಮರಳಿಗೆ ಕಡಲಾಮೆ ಮೊಟ್ಟೆಯಿಡಲು ಬರುತ್ತದೆ.

ಕಳೆ ಬೇಕಾದರೆ ಗುಡಿಗಾರರ ಕೈಚಳಕ ನೋಡಬೇಕು. ಶ್ರೀಗಂಧದ ಕೆತ್ತನೆಗೆ ಹೆಸರಾದ ಈ ಸಮುದಾಯದವರು ಹೊನ್ನಾವರ, ಕುಮಟಾ, ಶಿರಸಿ, ಸಾಗರದಲ್ಲಿ ಇದ್ದಾರೆ. ಬೆಂಡಿನಲ್ಲೂ ಅವರದು ಎತ್ತಿದ ಕೈ. ಕೆರೆಯಂಚಿನ ಜೌಗಿನಲ್ಲಿ ಬೆಳೆಯುವ ಗಿಡದ ಕಾಂಡದ ಒಳತಿರುಳೇ ಬೆಂಡು. ಹಾಲಿನ ಬಣ್ಣ, ಕೈಯಲ್ಲಿ ಹಿಡಿದರೆ ಭಾರವೇ ಗೊತ್ತಾಗುವುದಿಲ್ಲ. ಹರಿತ ಚಾಕುವಿನಿಂದ ಅದನ್ನು ಕಾಗದದಷ್ಟು ತೆಳುವಾಗಿ ಹೆರೆದು ಹೂವು, ಹಾರ, ಮದುವೆಯ ಬಾಸಿಂಗ ಮಾಡುತ್ತಾರೆ. ಆ ಜಾಗವನ್ನು ಬಹುಮಟ್ಟಿಗೆ ಥರ್ಮಾಕೋಲು ಆಕ್ರಮಿಸಿತು. ಎರಡನ್ನೂ ದೂರದಿಂದ ನೋಡಿದರೆ ವ್ಯತ್ಯಾಸ ತಿಳಿಯದು. ಒಂದು ಮಳೆಗಾಲ ಹೊರಗಿಟ್ಟರೆ ತಿಳಿಯುತ್ತದೆ. ಉಡುಗೊರೆಯ ಮೇಲೆ ಒಂದೇ ಒಂದು ಬೆಂಡಿನ ಹೂವು ಕಟ್ಟಿದರೆ ಮಿನುಗಿನ ಹಂಗು ಬೇಡ, ಕಸುಬಿನವರಿಗೂ ನಾಲ್ಕು ಕಾಸು.

ಪ್ರಕೃತಿಯದು ಎಂದ ಮಾತ್ರಕ್ಕೆ ಏನನ್ನೂ ಹೆಕ್ಕಿ ಅಂಟಿಸಬಹುದು ಎಂಬುದೂ ಸರಿಯಲ್ಲ. ಕಡಲ ಕೆಲವು ಜಾತಿಯ ಶಂಖ, ಕವಡೆಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಖಾಲಿ ಚಿಪ್ಪನ್ನೂ ಸನ್ಯಾಸಿ ಏಡಿ ಮನೆ ಮಾಡಿಕೊಳ್ಳುತ್ತದೆ. ಒಣಗಿ ಬಿದ್ದ ಅಡಿಕೆ ಸಿಂಗಾರದ ಕಡ್ಡಿ, ಗಾಳಿ ಮರದ ಕಾಯಿ, ಎರಡು ಸುರಗಿ ಹೂವು ಸಾಕಷ್ಟಾಯಿತು.

“ಬಯೋಡಿಗ್ರೇಡಬಲ್ ಎಂದು ಬರೆದಿದೆ, ಗೊಬ್ಬರಗುಂಡಿಗೆ ಹಾಕಬಹುದು”

ಗೊಬ್ಬರವಾಗಬಲ್ಲ ಪ್ಲಾಸ್ಟಿಕ್ಕಿಗೆ ಐಎಸ್ 17088 ಎಂಬ ಮಾನದಂಡವಿದೆ. ಅದು ಹೇಳುವುದು ಕಾರ್ಖಾನೆ ಮಟ್ಟದ ಗೊಬ್ಬರದ ರಾಶಿಯ ಮಾತು. ಸುಮಾರು 58 ಡಿಗ್ರಿಯ ಬಿಸಿ ಅಲ್ಲಿ ವಾರಗಟ್ಟಲೆ ನಿಲ್ಲಬೇಕು. ಹಿತ್ತಲಿನ ಗುಂಡಿ ಅಷ್ಟು ಕಾಯುವುದಿಲ್ಲ, ಸಮುದ್ರದ ನೀರಂತೂ ಕಾಯುವುದೇ ಇಲ್ಲ.

“ಸುತ್ತದೆ ಕೊಟ್ಟರೆ ಮರ್ಯಾದೆ ಅಲ್ಲ”

ಎಲ್ಲಕ್ಕಿಂತ ಗಟ್ಟಿಯಾಗಿ ಕೂತ ಕಲ್ಪನೆ ಇದೇ ಇರಬೇಕು. ಬೇರೆಯವೆಲ್ಲ ತಿಳಿಯದೆ ಬಂದವು, ಇದು ಸಂಕೋಚದಿಂದ ಬಂದದ್ದು. ಆದರೆ ಈ ಊರುಗಳ ಅತಿ ಮರ್ಯಾದೆಯ ಕೊಡುಗೆಗಳೆಲ್ಲ ತೆರೆದೇ ಹೋದವು ಅಥವಾ ಮರಳಿ ಬರುವ ಪಾತ್ರೆಯಲ್ಲಿ ಹೋದವು. ಗೌರಿಯ ಬಾಗಿನ ಗೆರಸಿಯಲ್ಲಿ, ಮೇಲೊಂದು ಗೆರಸಿ ಮುಚ್ಚಿ. ಕ್ರಿಸ್‌ಮಸ್ಸಿಗೆ ಕೊಂಕಣಿ ಕ್ರೈಸ್ತರ ಮನೆಗಳಿಂದ ನೆರೆಮನೆಗೆ ಬರುವ ಕುಸ್ವಾರ್ ಎಂಬ ಹಬ್ಬದ ತಿಂಡಿಗಳು ತಟ್ಟೆಯಲ್ಲಿ, ಮೇಲೆ ಕಸೂತಿಯ ವಸ್ತ್ರ ಹೊದಿಸಿ. ತಟ್ಟೆಯೂ ವಸ್ತ್ರವೂ ಮನೆಗೆ ವಾಪಸು. ಭಟ್ಕಳದಲ್ಲಿ ಈದ್‌ನ ಸಿಹಿ ಡಬ್ಬಿಯಲ್ಲಿ ಬೀದಿ ದಾಟುತ್ತದೆ. ಬಂದ ಡಬ್ಬಿಯನ್ನು ಖಾಲಿ ಕಳಿಸಬಾರದು ಎಂಬ ರೂಢಿ ಮೂರು ಧರ್ಮದ ಅಡುಗೆಮನೆಗಳಲ್ಲೂ ಒಂದೇ. ಕೆಲವು ಡಬ್ಬಿಗಳ ತಳದಲ್ಲಿ ಹೆಸರು ಕೊರೆಸಿರುತ್ತದೆ, ಯಾರ ಮನೆಯದ್ದೆಂದು ಜಗಳ ಬೇಡವಲ್ಲ! ಮರುಬಳಕೆಯ ಹೊದಿಕೆ ಎಂದು ಈಗ ನಗರದ ಕಂಪನಿಗಳು ಠೇವಣಿ ಪಡೆದು ನಡೆಸಲು ನೋಡುವ ವ್ಯವಸ್ಥೆಯನ್ನು ಇಲ್ಲಿ ಒಂದು ಹಿಡಿ ಸಕ್ಕರೆ, ನಾಲ್ಕು ಲಿಂಬೆಹಣ್ಣು ನಡೆಸುತ್ತಿವೆ.

ಕುಮಟೆಯ ಸಿಹಿ ಈರುಳ್ಳಿಯನ್ನೇ ನೋಡಿ. ಬೇಸಿಗೆ ಬಂತೆಂದರೆ ಅಳ್ವೆಕೋಡಿ, ಹಂದಿಗೋಣದ ಆಸುಪಾಸು ಹೆದ್ದಾರಿ 66ರ ಎರಡೂ ಬದಿ ಅದರ ಗೊಂಚಲುಗಳು ತೂಗಾಡುತ್ತವೆ. ಒಣ ದಂಟನ್ನೇ ಹೆಣೆದು ಕಟ್ಟಿದ್ದು, ಹಿಡಿಯಲು ಕಿವಿಯೂ ಅದರದೇ. ಮನೆಗೊಯ್ದು ಅಡುಗೆಮನೆಯ ಜಂತಿಗೆ ತೂಗುಹಾಕಿದರೆ ಗಾಳಿಯಾಡಿ ಹೆಚ್ಚು ದಿನ ಬಾಳುತ್ತದೆ. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದವನಿಗೆ ವಾರದೊಳಗೆ ಕೊಳೆತ ಈರುಳ್ಳಿಯೇ ಪಾಠ ಹೇಳುತ್ತದೆ. ಮುಂಬಯಿಯ ನೆಂಟರು ಬಂದರೆ ಇದಕ್ಕಿಂತ ಒಳ್ಳೆಯ ಉಡುಗೊರೆ ನನಗಂತೂ ತೋಚುವುದಿಲ್ಲ, ಹಾಗೆ ಕೈಗೆ ಕೊಟ್ಟರೆ ಯಾರೂ ಮುಖ ಸಿಂಡರಿಸಿದ್ದನ್ನು ಕಂಡಿಲ್ಲ.

“ಪರಿಸರಸ್ನೇಹಿ ಎಂದರೆ ದುಬಾರಿ”

ಅಂಗಡಿಯಿಂದ ತಂದರೆ ದುಬಾರಿಯೇ. ಬೀಜ ಹುದುಗಿಸಿದ ಕಾಗದ, ಮುದ್ರೆ ಒತ್ತಿದ ಸೆಣಬಿನ ಪಟ್ಟಿ, ಮರದ ಚೀಟಿ ಸೇರಿಸಿದ ಕಿಟ್ಟುಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಬೀಜದ ಕಾಗದ ಊರಿಗೆ ಬರುವುದು ಪ್ಲಾಸ್ಟಿಕ್ ಲಕೋಟೆಯಲ್ಲಿ, ಮೇಲೆ ಮೂರು ಸುತ್ತು ಟೇಪು! ಅದರೊಳಗಿನ ತುಳಸಿ, ಚೆಂಡುಹೂವಿನ ಬೀಜ ನಮ್ಮ ಹಿತ್ತಲಲ್ಲಿ ಬಿತ್ತದೆಯೂ ಹುಟ್ಟುತ್ತದೆ.

ಕೊಳ್ಳಲೇಬೇಕಾದರೆ ನಾನು ಕೊಳ್ಳಿ ಎನ್ನುವುದು ಒಂದನ್ನೇ: ತೆಂಗಿನ ನಾರಿನ ಸಣ್ಣ ಹುರಿಯ ಒಂದು ಉಂಡೆ, ಸಿಗದಿದ್ದರೆ ದಪ್ಪ ಹತ್ತಿ ದಾರ. ಟೇಪನ್ನು ಮನೆಯಿಂದ ಆಚೆ ಇಟ್ಟರೆ ಕಾಗದ ಹರಿಯದೆ ಬಿಚ್ಚಿಕೊಳ್ಳುತ್ತದೆ, ಮಡಚಿ ಹಾಸಿಗೆಯಡಿ ಇಟ್ಟರೆ ಮುಂದಿನ ಹಬ್ಬಕ್ಕೆ ಇಸ್ತ್ರಿ ಹೊಡೆದಂತೆ ನೆಟ್ಟಗಾಗಿರುತ್ತದೆ. ಹುರಿಯನ್ನು ಕತ್ತರಿಸದೆ ಬಿಚ್ಚಲು ಬರುವಂತೆ ಜಾರುಗಂಟು ಹಾಕಿ. ಪಡೆದವರು ಅದನ್ನೇ ಮಲ್ಲಿಗೆ ಬಳ್ಳಿಯ ಚಪ್ಪರಕ್ಕೆ ಕಟ್ಟಿಕೊಳ್ಳುತ್ತಾರೆ.